ಬಿಸಿನೀರು ಮತ್ತು ಹೆಂಡತಿಯ ಬೈಗುಳ

ನನ್ನ ಕಾಯಿಲೆಯ ಹೆಸರು ಕೇಳಿದವರು ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಒಂದು, "ಅಯ್ಯೋ ಪಾಪ." ಇನ್ನೊಂದು, "ನಮಗೆ ಗೊತ್ತಿರೋರೊಬ್ಬರಿಗೂ ಇದೆ, ಆರಾಮಾಗಿ ಓಡಾಡ್ಕೊಂಡಿದಾರೆ." ಎರಡೂ ನನ್ನ ಕೆಲಸಕ್ಕೆ ಬರಲಿಲ್ಲ. ನನಗೆ ಆಗ ಬೇಕಿದ್ದದ್ದು ಇದೇ ಕಾಯಿಲೆ ಬಂದು, ಅದನ್ನು ಕನ್ನಡದಲ್ಲಿ ಶಪಿಸುತ್ತಾ ಬದುಕಿರುವ ಒಬ್ಬ ಮನುಷ್ಯ. ಹುಡುಕಿದೆ, ಸಿಗಲಿಲ್ಲ. ಯಾವುದೋ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಈಗ ಹಾಗೆ ಹುಡುಕುತ್ತಿರುವವರು ಯಾರಾದರೂ ಇದ್ದಾರು ಎಂದು ಇದನ್ನು ಬರೆಯುತ್ತಿದ್ದೇನೆ. ಧೈರ್ಯ ತುಂಬುವ ಉದ್ದೇಶವಿಲ್ಲ. ನನ್ನ ಬಳಿ ಇರುವ ಧೈರ್ಯ ನನಗೇ ಸಾಲುವುದಿಲ್ಲ.

ನಾನು ಶ್ರೀಧರ, ಮೈಸೂರಿನವನು. ಮಳೆನೀರು ಹರಿದು ಹೋಗುವ ಚರಂಡಿಗಳ ನಕ್ಷೆ ಮಾಡುವ ಎಂಜಿನಿಯರ್. ಮನೆ ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲಿ. ಹೆಂಡತಿ ಜಯಶ್ರೀ ಡಾಕ್ಟರು, ಹತ್ತಿರದ ಕ್ಲಿನಿಕ್ಕಿನಲ್ಲಿ ಕೂತು ಬಡಾವಣೆಯವರ ಕೆಮ್ಮು, ಸಕ್ಕರೆ, ಬೇಸರ ಎಲ್ಲವನ್ನೂ ನೋಡುತ್ತಾಳೆ. ಕ್ಲಿನಿಕ್ಕಿನಲ್ಲಿ ಅವಳದು ಬೆಣ್ಣೆಯಂಥ ದನಿ. ಮನೆಗೆ ಬಂದು ಬ್ಯಾಗು ಕೆಳಗಿಟ್ಟ ಕೂಡಲೇ ಬೇರೆ ದನಿ. "ರೀ, ಈ ಮನೇಲಿ ಕಸದ ಬುಟ್ಟಿ ಅಂತ ಒಂದಿದೆ, ಪರಿಚಯ ಮಾಡಿಸ್ಲಾ?" ಎಂದು ಶುರುವಾದರೆ ಸಾರು ಕುದಿಯುವವರೆಗೂ ಬೈಗುಳ. ನಾನೂ ಬಿಡುವವನಲ್ಲ. ನಮ್ಮ ಸಂಸಾರ ನಡೆದದ್ದೇ ಹಾಗೆ, ಜಗಳ ನಮಗೆ ಊಟದ ಜೊತೆಯ ಉಪ್ಪಿನಕಾಯಿ. ಮಗಳು ಅನಘಾ ಸಣ್ಣವಳಿದ್ದಾಗಲೇ ಕೇಳಿದ್ದಳು, "ಆರ್ ಯೂ ಗೈಸ್ ಫೈಟಿಂಗ್ ಆರ್ ಟಾಕಿಂಗ್?" ಎಂದು.

ಕಾಲಿನಲ್ಲಿ ಜೋಮು ಶುರುವಾದಾಗ ನಾನು ಮೊದಲು ಹೇಳಿದ್ದೂ ಜಯಶ್ರೀಗೇ. ಎಡಪಾದ ಮರಗಟ್ಟಿದ ಹಾಗೆ, ಸಾಕ್ಸು ಹಾಕದೆಯೂ ಹಾಕಿಕೊಂಡ ಹಾಗೆ. ಅವಳು ಪಾತ್ರೆ ಒರೆಸುತ್ತಾ ಅರ್ಧ ಕಿವಿಯಲ್ಲಿ ಕೇಳಿ, "ಬಿ ಟ್ವೆಲ್ವ್ ಕಮ್ಮಿಯಾಗಿರುತ್ತೆ. ಪುಳಿಚಾರು ತಿಂದ್ಕೊಂಡು ಬೆಳೆದೋರಿಗೆಲ್ಲಾ ಇದೇ ಕತೆ" ಎಂದಳು. ರಕ್ತ ತೆಗೆಸಿದರೆ ನಿಜವಾಗಿಯೂ ಕಮ್ಮಿ ಇತ್ತು. ಮಾಂಸ ಮೊಟ್ಟೆ ಮುಟ್ಟದ ನಮ್ಮವರಲ್ಲಿ ಈ ಬಿ ಟ್ವೆಲ್ವ್ ಎಂಬುದು ಒಂದು ಕುಲದೇವತೆ. ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ನಿಂತು ಕಾಲು ಜೋಮು ಎಂದರೆ ಹಿಂದಿನವರು ಮುಂದಿನವರು ಎಲ್ಲರೂ ತಮ್ಮ ತಮ್ಮ ಇಂಜೆಕ್ಷನ್ನಿನ ಲೆಕ್ಕ ಒಪ್ಪಿಸುತ್ತಾರೆ. ಮನೆಯವರಿಗೆ ಡಾಕ್ಟರು ತಾವೇ ಔಷಧಿ ಕೊಡುವುದು ಇಲ್ಲಿ ಸಲ್ಲದು ಎನ್ನುತ್ತಾರೆ. ನಮ್ಮ ಪೈಕಿ ಅದನ್ನು ಯಾರು ಕೇಳುತ್ತಾರೆ? ಅಡುಗೆಮನೆಯಲ್ಲೇ ನನ್ನ ತೋಳಿಗೆ ಸೂಜಿ ಚುಚ್ಚಿ, ಹತ್ತಿ ಒತ್ತಿ, "ಹೋಗಿ ಹಾಲು ತನ್ನಿ" ಎಂದಳು ಜಯಾ. ಕೆಲವು ವಾರಕ್ಕೆ ಜೋಮು ಇಳಿಯಿತು. ಈ ಕಾಯಿಲೆ ಹಾಗೆಯೇ, ಬಂದು ಹೋಗುವ ನೆಂಟ. ನಾವು ಸೂಜಿ ಕೆಲಸ ಮಾಡಿತು ಎಂದುಕೊಂಡೆವು. ಮತ್ತೆ ಬಂದಾಗ ಮತ್ತೆ ಸೂಜಿ. ಹೀಗೆ ಒಂದು ವರ್ಷ ಕಳೆದು ಇನ್ನೊಂದೂ ಅರ್ಧಕ್ಕೆ ಬಂತು. ಊರಿಗೆಲ್ಲ ದೀಪ ಹಿಡಿಯುವವಳಿಗೆ ದೀಪದ ಬುಡದ ಕತ್ತಲೆ ಕಾಣಲಿಲ್ಲ. ನನಗೂ ಕಾಣಲಿಲ್ಲ.

ಪರ್ತ್‌ನ ವಿಲೆಟನ್‌ನಲ್ಲಿ ನನ್ನ ಅಣ್ಣ ಇದ್ದಾನೆ. ಅವನ ಪ್ರಕಾರ ಎಲ್ಲಕ್ಕೂ ಕಾರಣ ಒಂದೇ. "ಲೋ, ಆ ಶವರ್ ಕೆಳಗೆ ನಿಂತು ಹುಯ್ಕೊಳ್ಳೋದು ಒಂದು ಸ್ನಾನಾನೇನೋ? ನರ ಎಲ್ಲ ಗಟ್ಟಿಯಾಗಿವೆ. ಎಣ್ಣೆ ಹಚ್ಚಿ ಸುಡುಸುಡು ನೀರು ಹಾಕ್ಕೋ." ಅವನ ಮಾತಿಗೆ ನಗುವ ಹಾಗಿರಲಿಲ್ಲ. ನಾವು ಬೆಳೆದ ಮನೆಯಲ್ಲಿ ಯಾವ ನೋವಿಗೂ ಮೊದಲ ಮದ್ದು ಹಂಡೆಯಲ್ಲೇ ಇರುತ್ತಿತ್ತು. ಬಾಣಂತಿಗೆ ಬಿಸಿನೀರು, ಬಿದ್ದು ಬಂದವನಿಗೆ ಬಿಸಿನೀರು, ಪರೀಕ್ಷೆಯಲ್ಲಿ ಫೇಲಾದವನಿಗೂ ಎಣ್ಣೆ ಹಚ್ಚಿ ಬಿಸಿನೀರು.

ಹಾಗಾಗಿ ಜಯಾ ಜಪಾನಿನ ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗೋಣ ಎಂದಾಗ ನಾನು ತಕ್ಷಣ ಒಪ್ಪಿದೆ. ಅನಘಾಳನ್ನು ಫಾರೆಸ್ಟ್ ಲೇಕ್‌ನಲ್ಲಿ ಅವಳ ಗೆಳತಿಯ ಮನೆಯಲ್ಲಿ ಬಿಟ್ಟು ಹೊರಟೆವು. ಊರಿನ ಹೆಸರು ಹೇಳುವುದಿಲ್ಲ, ನನ್ನಿಂದ ಅದಕ್ಕೆ ಕೆಟ್ಟ ಹೆಸರು ಬೇಡ. ಬೆಟ್ಟದ ಸಂದಿಯ ಚಿಕ್ಕ ಊರು. ಮೋರಿಗಳಿಂದ ಹಬೆ ಏಳುತ್ತಿತ್ತು, ಗಂಧಕದ ವಾಸನೆ ತಲೆದಿಂಬಿನವರೆಗೂ ಬರುತ್ತಿತ್ತು. ಛತ್ರದಂಥ ಹಳೆಯ ಹೋಟೆಲಿನವರು ಕೊಟ್ಟ ಹತ್ತಿ ನಿಲುವಂಗಿ ಸುತ್ತಿಕೊಂಡು, ಮರದ ಹಾವುಗೆ ಮೆಟ್ಟಿ, ಟಕಟಕ ಸದ್ದು ಮಾಡುತ್ತಾ ಒಂದು ಸ್ನಾನದ ಮನೆಯಿಂದ ಇನ್ನೊಂದಕ್ಕೆ ತಿರುಗುವುದೇ ಅಲ್ಲಿ ಜನರ ಕೆಲಸ. ಪ್ರತಿ ಸ್ನಾನದ ಮನೆಯ ಬಾಗಿಲಲ್ಲೂ ಒಂದು ಫಲಕ, ಅಲ್ಲಿಯ ನೀರು ಯಾವ ಯಾವ ಕಾಯಿಲೆಗೆ ಒಳ್ಳೆಯದು ಎಂದು. ಒಂದರಲ್ಲಿ ಇಂಗ್ಲಿಷಿನಲ್ಲೂ ಇತ್ತು. ನರದ ನೋವು, ಕೈಕಾಲಿನ ಜೋಮು. "ನೋಡೇ, ನನಗೇ ಬರೆದ ಹಾಗಿದೆ" ಎಂದೆ.

ಒಳಗೆ ಹೋಗಲು ಹುಟ್ಟುಡುಗೆಯಲ್ಲೇ ಹೋಗಬೇಕು. ಚಡ್ಡಿಯಾಗಲಿ ಪಂಚೆಯಾಗಲಿ ಕೂಡದು. ಮೈಸೂರಿನ ಮಡಿವಂತರ ಮನೆಯಲ್ಲಿ ಒದ್ದೆ ಟವೆಲ್ಲಿನೊಳಗೇ ಬಟ್ಟೆ ಬದಲಿಸುವ ವಿದ್ಯೆ ಕಲಿತವನು ನಾನು. ಜಯಾ ಹೆಂಗಸರ ಕಡೆಗೆ ಹೋಗಿ ಮೊದಲ ದಿನವೇ ಅಲ್ಲಿಯ ಮುದುಕಿಯರ ಜೊತೆ ಕೈಸನ್ನೆಯಲ್ಲಿ ಸ್ನೇಹ ಮಾಡಿಕೊಂಡಳು. ನಾನು ಮಾತ್ರ ಗಂಡಸರೆಲ್ಲ ಊಟಕ್ಕೆ ಹೋಗುವ ಮಧ್ಯಾಹ್ನದ ಹೊತ್ತು ನೋಡಿ, ಯಾರೂ ಇಲ್ಲದಿರುವಾಗ ಇಳಿಯುತ್ತಿದ್ದೆ. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಮರದ ಗೋಡೆ, ಅದು ಸೂರಿನವರೆಗೆ ಮುಟ್ಟುತ್ತಿರಲಿಲ್ಲ. ಅಲ್ಲಿಯ ಹಳೆಯ ದಂಪತಿಗಳು ಸ್ನಾನ ಮುಗಿದ ಮೇಲೆ ಗೋಡೆಯ ಮೇಲಿಂದ ಒಬ್ಬರನ್ನೊಬ್ಬರು ಕೂಗಿ, ಹೊರಡೋಣವೇ ಎಂದು ಕೇಳಿಕೊಳ್ಳುತ್ತಿದ್ದರು. ನಮಗೂ ಅದು ಹಿಡಿಸಿತು. ಆ ಕಡೆಯಿಂದ "ರೀ, ಆಯ್ತಾ?" ಎಂಬ ಕೂಗು, ಈ ಕಡೆಯಿಂದ "ಬಂದೇ ಕಣೇ" ಎಂಬ ಉತ್ತರ.

ಮೊದಲೆರಡು ದಿನ ಸ್ನಾನ ಮಾಡಿ ಬಂದಾಗಲೆಲ್ಲ ಕಾಲು ಎಳೆಯುತ್ತಿತ್ತು. ತಣ್ಣಗಿನ ಗಾಳಿಗೆ ನಡೆದರೆ ಸರಿಹೋಗುತ್ತಿತ್ತು. ನೀರು ರೋಗವನ್ನು ಹೊರಗೆಳೆಯುತ್ತಿದೆ ಎಂದುಕೊಂಡೆ, ನಮ್ಮಲ್ಲಿ ಹಾಗೆ ಹೇಳುತ್ತಾರಲ್ಲ. ಮೂರನೆಯ ದಿನ, ಹೆಚ್ಚು ಬಿಸಿ ಇದ್ದ ತೊಟ್ಟಿಗೇ ಇಳಿದು ಕುತ್ತಿಗೆಯವರೆಗೆ ಕೂತೆ. ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗಣ್ಣು ಮಂಜಾಯಿತು, ಹಬೆ ಇರಬೇಕು ಎಂದುಕೊಂಡೆ. ಆಗ ಗೋಡೆಯಾಚೆಯಿಂದ ಕೂಗು ಬಂತು.

"ರೀ, ಆಯ್ತಾ?"

ಏಳಲು ಹೋದೆ. ಸೊಂಟದ ಕೆಳಗೆ ಏನೂ ಇರಲಿಲ್ಲ. ನೋವಿಲ್ಲ, ಸೆಳೆತವಿಲ್ಲ, ಕಾಲು ಇದೆ ಎಂಬ ಸುಳಿವೇ ಇಲ್ಲ. ತೊಟ್ಟಿಯ ಅಂಚು ಹಿಡಿದ ಕೈ ಜಾರಿತು, ಗಂಧಕದ ನೀರು ಬಾಯಿ ಮೂಗಿಗೆಲ್ಲ ಹೋಯಿತು.

"ರೀ?"

"ಏಳಕ್ಕಾಗ್ತಿಲ್ಲ ಕಣೇ!"

"ಏನಂದ್ರಿ? ಜೋರಾಗಿ ಹೇಳಿ!"

"ಕಾಲಿಲ್ಲ! ಕಾಲೇ ಇಲ್ಲ!"

"ಬಂದೆ, ತಡೀರಿ!"

"ಬರಬೇಡ, ಇದು ಗಂಡಸರದು!" ಎಂದು ನಾನು ಕೂಗಿದೆ. ಮುಳುಗುತ್ತಿರುವವನು ಕೂಗುವ ಮಾತೇ ಅದು? ಆದರೆ ಕೂಗಿದ್ದು ನಿಜ. ಮಾನದ ಹೆದರಿಕೆ ಪ್ರಾಣದ ಹೆದರಿಕೆಗಿಂತ ಮೊದಲು ಬಾಯಿಗೆ ಬಂತು. ಯಾರೂ ಇಲ್ಲದ ಹೊತ್ತು ಹುಡುಕಿ ಇಳಿದಿದ್ದೂ ಇದೇ ಮಾನಕ್ಕೆ. ಜಯಾ ನಿಲುವಂಗಿಯನ್ನು ಹೇಗೋ ಸುತ್ತಿಕೊಂಡು, ಮುಂಬಾಗಿಲಿನ ಕಾವಲು ಮುದುಕಿಯನ್ನು ದಾಟಿ, ಗಂಡಸರ ಕಡೆಯ ನೀಲಿ ಪರದೆ ಸರಿಸಿ ನುಗ್ಗಿ ಬಂದಳು. ಆಗ ತಾನೇ ಬಟ್ಟೆ ಬಿಚ್ಚಿ ನಿಂತಿದ್ದ ಒಬ್ಬ ಮುದುಕ ಅವಳನ್ನು ನೋಡಿ ದಂಗಾದ, ಮರುಕ್ಷಣವೇ ಅರ್ಥ ಮಾಡಿಕೊಂಡು ಅವಳ ಹಿಂದೆಯೇ ಓಡಿ ಬಂದ. ಬಟ್ಟೆ ಸಮೇತ ನೀರಿಗಿಳಿದ ಇವಳೂ, ಬರಿಮೈಯ ಆ ಮುದುಕನೂ ಸೇರಿ ನನ್ನ ಕಂಕುಳಿಗೆ ಕೈ ಕೊಟ್ಟು ಎಳೆದು, ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಮಲಗಿಸಿದರು. ಮುದುಕ ತನ್ನ ಟವೆಲ್ಲನ್ನು ನನ್ನ ಸೊಂಟಕ್ಕೆ ಹೊದಿಸಿ, ತಾನು ಹಾಗೆಯೇ ಗೋಡೆಯ ಕಡೆ ತಿರುಗಿ ನಿಂತ. ಆ ಟವೆಲ್ಲನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಜಯಾ ಬೈಯುತ್ತಲೇ ಇದ್ದಳು. "ಅಷ್ಟೊತ್ತು ಕೂರ್ತಾರಾ? ಬುದ್ಧಿ ಇದೆಯಾ? ಹೋಗಿಬಿಟ್ಟಿದ್ರೆ ಏನ್ ಮಾಡ್ಲಿ ನಾನು ಈ ಊರಲ್ಲಿ?" ಬೈಯುತ್ತಲೇ ಲಾಕರಿನ ಕೀಲಿ ತೆಗೆದುಕೊಂಡು, ಅದರ ತುದಿಯಿಂದ ನನ್ನ ಎಡ ಅಂಗಾಲಿನ ಮೇಲೆ ಹಿಮ್ಮಡಿಯಿಂದ ಮೇಲಕ್ಕೆ ಒಂದು ಗೆರೆ ಎಳೆದಳು. ನಾನೂ ತಲೆಯೆತ್ತಿ ನೋಡುತ್ತಿದ್ದೆ. ನನ್ನ ಹೆಬ್ಬೆರಳು ನಿಧಾನವಾಗಿ ಮೇಲಕ್ಕೆದ್ದು ನಿಂತಿತು.

ಅಲ್ಲಿಗೆ ಅವಳ ಬೈಗುಳ ನಿಂತಿತು.

"ಏನೇ?" ಎಂದೆ.

"ಏನಿಲ್ಲ. ಬಿಸಿಗೆ ಸುಸ್ತಾಗಿದೆ ಅಷ್ಟೆ. ಸ್ವಲ್ಪ ಮಲ್ಕೊಳ್ಳಿ." ಕ್ಲಿನಿಕ್ಕಿನ ದನಿ. ನನ್ನ ಜೊತೆ ಅವಳು ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ದೊಡ್ಡವರ ಹೆಬ್ಬೆರಳು ಕೆಳಕ್ಕೆ ಬಾಗಬೇಕು, ಮೇಲಕ್ಕೆದ್ದರೆ ತೊಂದರೆ ಇರುವುದು ಕಾಲಿನಲ್ಲಲ್ಲ, ಮಿದುಳಿನಲ್ಲೋ ಬೆನ್ನಹುರಿಯಲ್ಲೋ ಎಂಬುದು ನನಗೆ ತಿಳಿದದ್ದು ಎಷ್ಟೋ ಆಮೇಲೆ. ಮೈ ಆರಿದಂತೆ ಕಾಲು ಮರಳಿತು. ಸಂಜೆ ಹೊತ್ತಿಗೆ ಹಾವುಗೆ ಮೆಟ್ಟಿ ನಾನೇ ಹೋಟೆಲಿಗೆ ನಡೆದು ಹೋದೆ. ನನಗೆ ಖುಷಿ. ಅವಳು ಊಟ ಮಾಡಲಿಲ್ಲ.

ಬ್ರಿಸ್ಬೇನಿಗೆ ಬಂದ ಮೇಲೆ ಎಲ್ಲವೂ ಸರಸರ ನಡೆಯಿತು. ಹೆಂಡತಿ ಡಾಕ್ಟರಾಗಿದ್ದರೆ ಫೋನು ಮಾಡಿದ ಕಡೆಯೆಲ್ಲ ಬಾಗಿಲು ತೆರೆಯುತ್ತದೆ. ಬೆನ್ನಿನಿಂದ ನೀರು ತೆಗೆದರು, ತಲೆಯನ್ನು ಗಡಗಡಿಸುವ ಯಂತ್ರದೊಳಗೆ ತಳ್ಳಿದರು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನನ್ನ ಪಕ್ಕ ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು, ನನಗಿಂತ ಚಿಕ್ಕವಳೇ. ನಾನು ಅವಳ ಕಾಲುಗಳನ್ನು ನೋಡಬಾರದು ಎಂದುಕೊಂಡು ಅವನ್ನೇ ನೋಡುತ್ತಿದ್ದೆ. "ಫಸ್ಟ್ ಟೈಮ್, ಲವ್?" ಎಂದಳು. ಹೌದೆಂದೆ. ಅವಳು ಧೈರ್ಯವಾಗಿರಿ ಎಂದೆಲ್ಲ ಹೇಳಲಿಲ್ಲ. ಬೇಸಿಗೆಯಲ್ಲಿ ಹೊರಗೆ ಹೋಗುವಾಗ ಟೋಪಿಯೊಳಗೆ ಫ್ರೀಜರಿನ ಬಟಾಣಿ ಪ್ಯಾಕೆಟ್ಟು ಇಟ್ಟುಕೊಳ್ಳಬೇಕು ಎಂದಳು. ಜೋಳ ಬೇಡ, ಬೇಗ ಕರಗುತ್ತದೆ ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ತಲೆಯಾಡಿಸಿದೆ. ಆ ಬಟಾಣಿ ಎಷ್ಟೋ ಬೇಸಿಗೆಗಳಲ್ಲಿ ನನ್ನನ್ನು ಕಾಪಾಡಿದೆ.

ನರರೋಗದ ತಜ್ಞರು ಪರದೆಯ ಮೇಲೆ ನನ್ನ ಮಿದುಳು ತೋರಿಸಿದರು. ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಬಿಸಿಲು, ಜ್ವರ, ಬಿಸಿನೀರು, ಮೈ ಕಾಯುವ ಯಾವುದೂ ನನಗೆ ಆಗದು ಎಂದರು. ಬೇರೆ ಏನೇನೋ ಹೇಳಿದರು, ನನ್ನನ್ನು ಬಿಟ್ಟು ಅವರಿಬ್ಬರು ಡಾಕ್ಟರುಗಳೇ ಮಾತಾಡಿಕೊಂಡರು. ಕೊನೆಗೆ ಜಯಾ ಒಂದೇ ಪ್ರಶ್ನೆ ಕೇಳಿದಳು, ಇವುಗಳಲ್ಲಿ ಹಳೆಯ ಚುಕ್ಕೆ ಎಷ್ಟು ಹಳೆಯದು ಎಂದು. ವರ್ಷ ಎರಡು ವರ್ಷದ್ದು ಇರಬಹುದು ಎಂದರು ಅವರು. ಅವಳು ಥ್ಯಾಂಕ್ಸ್ ಹೇಳಿ ಎದ್ದಳು. ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಅನಘಾ, "ಇಸ್ ಹೀ ಗೋಯಿಂಗ್ ಟು ಡೈ, ಅಮ್ಮಾ?" ಎಂದು ಕೇಳಿದಳು. ನಾನು ಮುಂದಿನ ಸೀಟಿನಲ್ಲೇ ಇದ್ದೆ. "ಇಲ್ಲ ಪುಟ್ಟಾ" ಎಂದಳು ಜಯಾ, ಅದೇ ಮೆತ್ತನೆಯ ದನಿಯಲ್ಲಿ.

ಅಂದಿನಿಂದ ನನ್ನ ಹೆಂಡತಿ ನನ್ನನ್ನು ಬೈಯುವುದನ್ನು ಬಿಟ್ಟಳು.

ಓದುವವರಿಗೆ ಇದು ಸುಖ ಎನಿಸಬಹುದು. ನನಗೆ ಕಾಯಿಲೆಗಿಂತ ಇದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಇವತ್ತು ಹೇಗನಿಸ್ತಿದೆ?" "ನಿದ್ದೆ ಬಂತಾ?" "ನಿಧಾನ, ಅವಸರ ಏನಿಲ್ಲ." ಮನೆಯಲ್ಲಿ ಯಾರೋ ಒಳ್ಳೆಯ ಡಾಕ್ಟರಮ್ಮ ಬಂದು ಉಳಿದುಕೊಂಡಿದ್ದಳು, ನನ್ನ ಹೆಂಡತಿ ಎಲ್ಲೋ ಹೋಗಿದ್ದಳು. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತಿದ್ದರು, ಮೊದಲು ಕೋಲು ಬಂತು, ಆಫೀಸಿನ ಕೆಲಸ ಮನೆಗೆ ಬಂತು, ಸೈಟಿಗೆ ಹೋಗಿ ಚರಂಡಿ ನೋಡುವುದು ನಿಂತಿತು. ಅದನ್ನೆಲ್ಲ ನುಂಗಿಕೊಂಡೆ. ಒಂದು ದಿನ ಬೇಕೆಂದೇ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಅವಳು ಮಲಗುವ ಕಡೆ ಹಾಕಿದೆ. ಹಿಂದೆ ಇದೊಂದು ತಪ್ಪಿಗೆ ನನ್ನ ಏಳು ತಲೆಮಾರನ್ನು ತೊಳೆದಿದ್ದಳು. ಅವಳು ಬಂದಳು, ನೋಡಿದಳು, ಮಾತಿಲ್ಲದೆ ಎತ್ತಿ ಒಣಗಹಾಕಿದಳು. ನಾನು ಆ ಕೋಣೆಯಲ್ಲಿ ಒಬ್ಬನೇ ಕೂತು ಅತ್ತೆ. ಕಾಲು ಹೋದರೆ ಹೋಗಲಿ, ಇವಳ ಪೇಷಂಟ್ ಆಗಿ ಉಳಿದುಬಿಟ್ಟರೆ ಏನು ಗತಿ ಎಂದು ಅತ್ತೆ. ಕಾಯಿಲೆ ವಾಸಿಯಾಗದು ಎಂದು ಹೇಳಿದ್ದರು, ಒಪ್ಪಿದ್ದೆ. ಆದರೆ ಹೆಂಡತಿ ಹೋಗುತ್ತಾಳೆ ಎಂದು ಯಾರೂ ಹೇಳಿರಲಿಲ್ಲ.

ಕಾರಣ ತಿಳಿದದ್ದು ಅಡಿಲೇಡ್‌ನಲ್ಲಿ. ಅಲ್ಲಿ ಜಯಾಳ ಮೆಡಿಕಲ್ ಕಾಲೇಜಿನ ಗೆಳೆಯ ಪ್ರಕಾಶ್ ನರರೋಗದ ಡಾಕ್ಟರು. ಬೇರೆ ಯಾರಾದರೂ ಬೇರೆ ಏನಾದರೂ ಹೇಳಿಯಾರು ಎಂಬ ಆಸೆಗೆ ಸ್ಕ್ಯಾನ್ ಚಿತ್ರಗಳನ್ನೆಲ್ಲ ಹೊತ್ತುಕೊಂಡು ಅವರ ಮನೆಗೆ ಹೋದೆವು. ಅವರೂ ಅದನ್ನೇ ಹೇಳಿದರು. ಊಟವಾದ ಮೇಲೆ ನಾನು ಹಾಲ್‌ನ ಸೋಫಾದಲ್ಲಿ ಕಣ್ಣು ಮುಚ್ಚಿದ್ದೆ, ನಿದ್ದೆ ಬಂದಿದೆ ಎಂದುಕೊಂಡರು. ಅಡುಗೆಮನೆಯಿಂದ ಜಯಾಳ ದನಿ ಕೇಳಿತು.

"ಮೊದಲ ಸಲಾನೇ ಕಾಲು ಮುಟ್ಟಿ ನೋಡಿದ್ದಿದ್ರೆ ಪ್ರಕಾಶ? ಸೂಜಿ ಚುಚ್ಕೊಂಡು ಕೂತಿದ್ದೆನಲ್ಲೋ. ಬೇರೆ ಯಾವ ಪೇಷಂಟ್ ಆಗಿದ್ರೂ ನೋಡ್ತಿದ್ದೆ. ಇವರು ಅಂತ ನೋಡ್ಲಿಲ್ಲ. ಪಾತ್ರೆ ಒರೆಸ್ತಾ ಇದ್ದೆ."

"ನನ್ನ ಹೆಂಡತಿ ಹೇಳಿದ್ರೆ ನಾನೂ ಟೀವಿ ನೋಡ್ತಾ ಬಿ ಟ್ವೆಲ್ವ್ ಅಂತಿದ್ದೆ ಕಣೇ" ಎಂದರು ಪ್ರಕಾಶ್.

"ಬೈದೆ. ಪುಳಿಚಾರು ಅಂತ ಬೈದು ಕಳಿಸ್ದೆ." ಆಮೇಲೆ ನಲ್ಲಿ ಬಿಟ್ಟ ಸದ್ದು, ಬಹಳ ಹೊತ್ತು.

ನಾನು ಎದ್ದು ಹೋಗಿ ಏನಾದರೂ ಹೇಳಬೇಕಿತ್ತೇನೋ. ಕಾಲು ಆ ದಿನ ಚೆನ್ನಾಗಿಯೇ ಇತ್ತು. ಆದರೆ ಏನು ಹೇಳುವುದು? ನಿನ್ನ ತಪ್ಪಲ್ಲ ಎಂದರೆ ಅವಳು ನಂಬುವವಳಲ್ಲ, ಅವಳು ಡಾಕ್ಟರು. ಮೆತ್ತನೆಯ ದನಿ ಅವಳು ತನಗೆ ತಾನೇ ಹಾಕಿಕೊಂಡ ಶಿಕ್ಷೆ ಎಂದು ಮಾತ್ರ ಗೊತ್ತಾಯಿತು. ಇನ್ನೊಂದನ್ನೂ ಆಮೇಲೆ ಗಮನಿಸಿದೆ. ಅವಳು ಸ್ನಾನ ಮಾಡಿ ಬಂದ ಮೇಲೆ ನಮ್ಮ ಬಾತ್‌ರೂಮಿನ ಕನ್ನಡಿ ಮಂಜಾಗುತ್ತಲೇ ಇರಲಿಲ್ಲ. ಬ್ರಿಸ್ಬೇನಿನ ಜುಲೈ ಚಳಿಯಲ್ಲೂ ತಣ್ಣೀರು. ಮೈ ಕೆಂಪಾಗುವಷ್ಟು ಬಿಸಿ ಇಲ್ಲದಿದ್ದರೆ ಸ್ನಾನವೇ ಅಲ್ಲ ಎನ್ನುತ್ತಿದ್ದವಳು ಅವಳು.

ಕೆಲವು ವರ್ಷಗಳು ಹೀಗೇ ಹೋದವು. ಅನಘಾ ಶಾಲೆ ಮುಗಿಸಿದಳು. ನನಗೆ ಒಂದು ಹಟ ಬಂತು, ಇವಳನ್ನು ಇನ್ನೊಮ್ಮೆ ಬಿಸಿನೀರಿಗೆ ಇಳಿಸಬೇಕು ಎಂದು. ಜಪಾನಿಗೆ ಹೋಗೋಣ ಎಂದೆ. ತಲೆ ಕೆಟ್ಟಿದೆಯಾ ಎಂದು ಕೂಗುತ್ತಾಳೆ ಎಂದು ಕಾದೆ. "ನಿಮಗೆ ಇಷ್ಟ ಇದ್ರೆ ಹೋಗೋಣ" ಎಂದಳು. ಅಣ್ಣನೇ ಪರ್ತ್‌ನಿಂದ ಅವಳ ಪಾಲಿನದನ್ನೂ ಸೇರಿಸಿ ಬೈದ. "ಸುಟ್ಟುಕೊಂಡ ಬೆಂಕಿಗೇ ಮತ್ತೆ ಕೈ ಹಾಕ್ತೀಯಲ್ಲೋ, ಬುದ್ಧಿಗೆ ಏನಾಗಿದೆ?" ಎಂದ. ಬಿಸಿನೀರು ಹಾಕಿಕೋ ಎಂದಿದ್ದವನೂ ಅವನೇ, ಆದರೆ ಅದನ್ನು ನೆನಪಿಸಲಿಲ್ಲ. ಪಾಪ, ಅದನ್ನು ನೆನೆದು ಅವನು ಎಷ್ಟು ಸಲ ಅತ್ತಿದ್ದಾನೋ ಅತ್ತಿಗೆಗೆ ಗೊತ್ತು.

ಈ ಸಲ ಬೇರೆ ಊರು. ಹೊರಡುವ ಮುಂಚೆಯೇ ನನ್ನ ಬಲಗೈ ಬೆರಳುಗಳಿಗೆ ಏನೋ ಶುರುವಾಗಿತ್ತು. ಕಾಫಿ ಲೋಟ ಬಿಸಿಯೋ ತಣ್ಣಗೋ ಸರಿಯಾಗಿ ತಿಳಿಯುತ್ತಿರಲಿಲ್ಲ. ಜಯಾಗೆ ಹೇಳಲಿಲ್ಲ. ಹೇಳಿದರೆ ಪ್ರಯಾಣ ನಿಲ್ಲುತ್ತಿತ್ತು, ದನಿ ಇನ್ನಷ್ಟು ಮೆತ್ತಗಾಗುತ್ತಿತ್ತು.

ಅಲ್ಲಿ ಕುಟುಂಬದವರು ಗಂಟೆ ಲೆಕ್ಕಕ್ಕೆ ಹಿಡಿಯಬಹುದಾದ ಚಿಕ್ಕ ಸ್ನಾನದ ಕೋಣೆಗಳಿದ್ದವು. ಗಂಡಸರ ಕಡೆ, ಹೆಂಗಸರ ಕಡೆ ಎಂಬುದಿಲ್ಲ, ಚಿಲಕ ಹಾಕಿಕೊಂಡು ನಾವಿಬ್ಬರೇ. ಒಳಗೆ ಕಲ್ಲಿನ ತೊಟ್ಟಿ, ಗೋಡೆಯಿಂದ ಮರದ ಕೊಳವೆಯಲ್ಲಿ ಸುರಿಯುವ ಬುಗ್ಗೆಯ ನೀರು, ಪಕ್ಕದಲ್ಲಿ ತಣ್ಣೀರಿನ ನಲ್ಲಿ. ಇಷ್ಟು ವರ್ಷದ ಸಂಸಾರದಲ್ಲಿ ನಾವು ಹೀಗೆ ಹಗಲು ಬೆಳಕಿನಲ್ಲಿ ಒಟ್ಟಿಗೆ ಸ್ನಾನಕ್ಕೆ ನಿಂತವರಲ್ಲ. ಇಬ್ಬರಿಗೂ ನಾಚಿಕೆ, ಅವಳ ಹೊಟ್ಟೆಯ ಮೇಲೆ ಸಿಸೇರಿಯನ್ ಗೆರೆ, ನನ್ನ ಕಾಲುಗಳು ಸಣಕಲು. ಕಿಟಕಿ ಪೂರ್ತಿ ತೆಗೆದಿಟ್ಟು, ತಣ್ಣೀರಿನಲ್ಲಿ ಅದ್ದಿದ ಟವೆಲ್ಲನ್ನು ನನ್ನ ಕುತ್ತಿಗೆಗೆ ಸುತ್ತಿ, ನನ್ನನ್ನು ಗೋಡೆಗೆ ಒರಗಿಸಿ ಪುಟ್ಟ ಮಣೆಯ ಮೇಲೆ ಕೂರಿಸಿದಳು. "ನೀವು ಇಲ್ಲೇ ಕೂತಿರಿ. ನಾನೂ ಇಲ್ಲೇ ಕೂರ್ತೀನಿ."

"ನೀನು ಇಳಿಯೇ."

"ಬೇಡ ಬಿಡಿ."

"ಇಷ್ಟು ದೂರ ಕರ್ಕೊಂಡು ಬಂದಿದೀನಿ. ಬೆನ್ನು ಕೊಡು, ಉಜ್ಜಿ ನೀರಾದ್ರೂ ಹಾಕ್ತೀನಿ. ಅಷ್ಟು ಮಾಡಕ್ಕೆ ಬರುತ್ತೆ ನನಗೆ."

ಅವಳು ಇನ್ನೊಂದು ಮಣೆ ಎಳೆದುಕೊಂಡು ನನಗೆ ಬೆನ್ನು ಮಾಡಿ ಕೂತಳು. ಸೋಪು ಹಚ್ಚಿ ಉಜ್ಜಿದೆ. ಎಷ್ಟೋ ವರ್ಷದಿಂದ ನಾನು ಅವಳಿಗೆ ಏನನ್ನೂ ಮಾಡಿರಲಿಲ್ಲ, ಮಾಡಿಸಿಕೊಂಡದ್ದೇ ಆಗಿತ್ತು. ಅವಳ ಭುಜ ನಿಧಾನವಾಗಿ ಸಡಿಲವಾಯಿತು. ನನಗೆ ಬಹಳ ಸಂತೋಷವಾಯಿತು. ಮರದ ಬಕೆಟ್ಟನ್ನು ಕೊಳವೆಯ ಕೆಳಗೆ ಹಿಡಿದೆ, ಬಲಗೈ ಅದ್ದಿ ನೋಡಿದೆ, ಹದವಾಗಿದೆ ಎನಿಸಿತು. ಎರಡೂ ಕೈಯಲ್ಲಿ ಎತ್ತಿ ಅವಳ ಬೆನ್ನಿನ ಮೇಲೆ ಸುರಿದೆ.

"ಅಯ್ಯಯ್ಯಪ್ಪಾ!" ಜಯಾ ಚೀರಿ ಎದ್ದು ನಿಂತಳು. "ಬೇಳೆ ಬೇಯಿಸೋ ನೀರನ್ನ ತಂದು ಬೆನ್ನಿಗೆ ಸುರೀತೀರಲ್ರೀ! ಕಣ್ ಕಾಣಲ್ವಾ? ಹೊಗೆ ಬರ್ತಿರೋದು ಕಾಣಲ್ವಾ? ತಣ್ಣೀರು ಬೆರೆಸ್ಬೇಕು ಅಂತ ಮೂರು ವರ್ಷದ ಮಗೂಗೂ ಗೊತ್ತಿರುತ್ತೆ! ಚರ್ಮ ಸುಲಿದುಹೋಯ್ತು! ಮುಟ್ಟಿ ನೋಡ್ಬಾರ್ದಾ?"

"ನೋಡ್ದೆ ಕಣೇ."

"ಏನ್ ನೋಡಿದ್ರಿ? ನೋಡಿದ್ರೆ ಇಷ್ಟು..."

ಅವಳು ನನ್ನ ಬಲಗೈಯನ್ನು ನೋಡಿದಳು, ಮಣಿಕಟ್ಟಿನವರೆಗೆ ಕೆಂಪಾಗಿತ್ತು. ನನಗೆ ಏನೂ ಅನಿಸಿರಲಿಲ್ಲ. ಬೆನ್ನು ಕೆಂಪೇರಿದ ಹೆಂಗಸು, ಮೈಯಿಂದ ನೀರು ಸುರಿಯುತ್ತಾ, ನನ್ನ ಎದುರು ಕುಕ್ಕುರುಗಾಲಲ್ಲಿ ಕೂತು ಒಂದೊಂದೇ ಬೆರಳು ಹಿಡಿದು ಒತ್ತಿದಳು. ಗೊತ್ತಾಗುತ್ತಾ ಎಂದು ಕೇಳಲಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಕಾಯಿಲೆ ಕೈಗೆ ಬಂದಿತ್ತು.

"ಯಾವಾಗಿಂದ?"

"ಈಸ್ಟರ್ ಆದ್ಮೇಲಿಂದ."

"ಯಾಕೆ ಹೇಳ್ಲಿಲ್ಲ?"

ಈಗ ಮೆತ್ತನೆಯ ದನಿ ಬರುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. "ಹೇಳಿದ್ರೆ ನೀನು ಇನ್ನೂ ಡಾಕ್ಟರಾಗ್ತಿದ್ದೆ. ನನಗೆ ಡಾಕ್ಟರು ಸಾಕಷ್ಟು ಜನ ಇದಾರೆ, ಜಯಾ. ಹೆಂಡತಿ ಇರಲಿಲ್ಲ."

ಅವಳು ನನ್ನ ಕೈಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಎಳೆದು ಹಿಡಿದಳು. ನೋಯುವಷ್ಟು ಬಿಗಿಯಾಗಿ ಹಿಡಿದಿರಬೇಕು, ಮೊಣಕೈಯವರೆಗೂ ಎಳೆತ ಗೊತ್ತಾಯಿತು.

"ಡಾಕ್ಟ್ರೂ ನಾನೇ, ಹೆಂಡತೀನೂ ನಾನೇ. ಇಬ್ಬರಿಗೂ ಸುಳ್ಳು ಹೇಳಿದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಎಂದಳು. ಅಳುತ್ತಿದ್ದಳು, ಆದರೆ ಅದು ಮನೆಯ ದನಿ. "ಈಸ್ಟರ್‌ನಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ? ಡ್ರಿಪ್ ಬದಲಾಯಿಸ್ಬಹುದಿತ್ತು, ಗೊತ್ತಾ? ಹಟಮಾರಿ, ಶುದ್ಧ ಹಟಮಾರಿ! ಒಂದು ಸಲ ನಾನು ನೋಡ್ಲಿಲ್ಲ ಅಂತ, ಈ ಸಲ ತೋರಿಸ್ಲೇ ಇಲ್ವಲ್ಲ ನೀವು! ನನ್ನ ಮೇಲೆ ಸೇಡು ತೀರಿಸ್ಕೊಂಡ್ರಾ?"

"ಇಲ್ಲ ಕಣೇ, ನಿಜವಾಗ್ಲೂ..."

"ಮಾತಾಡ್ಬೇಡಿ!"

ಅವಳು ನಿಲ್ಲಿಸಲಿಲ್ಲ. ಎಷ್ಟು ವರ್ಷದ್ದು ಒಳಗೆ ಕಟ್ಟಿಕೊಂಡಿತ್ತೋ ಎಲ್ಲ ಬಂತು. ಕೋಲು ಬಿಟ್ಟು ಮೆಟ್ಟಿಲು ಹತ್ತಿದ್ದು, ಅಣ್ಣನ ಹತ್ತಿರ ಆರಾಮಾಗಿದ್ದೀನಿ ಎಂದು ಕೊಚ್ಚಿಕೊಂಡಿದ್ದು, ಅನಘಾಗೆ ಕಾರು ಕಲಿಸಲು ಹೋಗಿ ಬೇಲಿಗೆ ಗುದ್ದಿಸಿದ್ದು. ಕೋಣೆಯ ಹಬೆಗೆ ನನ್ನ ಕಾಲು ಸೋಲತೊಡಗಿತ್ತು. ಅವಳು ಬೈಯುತ್ತಲೇ ನನ್ನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು, ಬೈಯುತ್ತಲೇ ಮೈ ಒರೆಸಿದಳು. ಆವರೆಗೆ ನಾನು ಅವಳ ಕೈಯಿಂದ ಬಟ್ಟೆ ಹಾಕಿಸಿಕೊಂಡವನಲ್ಲ. ಎಷ್ಟೇ ಹೊತ್ತಾಗಲಿ ನಾನೇ ಹಾಕಿಕೊಳ್ಳುತ್ತಿದ್ದೆ, ಬೇರೆಯವರು ಮುಟ್ಟಿದರೆ ಸಿಡಿಮಿಡಿಗೊಳ್ಳುತ್ತಿದ್ದೆ. ಈಗ ಗಂಟೆ ಮುಗಿಯಿತೆಂದು ಹೊರಗಿನಿಂದ ಯಾರೋ ಬಾಗಿಲು ತಟ್ಟುತ್ತಿದ್ದರು. ಬಲಗೈ ಬೆರಳುಗಳು ಗುಂಡಿ ಹಿಡಿಯಲಿಲ್ಲ.

"ಕೈ ತೆಗೀರಿ, ನಿಮ್ಮ ಹಣೆಬರಹಕ್ಕೆ ಒಂದು ಶರ್ಟು ಹಾಕ್ಕೊಳ್ಳಕ್ಕೂ ಬರಲ್ಲ" ಎಂದು ಗದರಿಸಿ ಅವಳು ಒಂದೊಂದೇ ಗುಂಡಿ ಹಾಕಿದಳು. ನಾನು ಸುಮ್ಮನೆ ನಿಂತು ಹಾಕಿಸಿಕೊಂಡೆ.